ಸಾವಿನ್‌ಗೆ ಮೇಣದ ಬತ್ತಿ, ಸಂಕ್ರಮಣಕ್ಕೆ ಸಣ್ಣ ಬಳೆ

ಮೂರು ದಿನದಿಂದ ಬಿಸಿಲು. ಅಂಗಡಿಯ ಹಲಗೆಗಳನ್ನೆಲ್ಲ ತೆಗೆದು ಗೋಡೆಗೆ ಒರಗಿಸಿದ್ದೇನೆ. ಜೂನ್‌ನಿಂದ ಎರಡೇ ಹಲಗೆ ತೆಗೆದು ಆ ಸಂದಿಯಲ್ಲೇ ವ್ಯಾಪಾರ ಮಾಡಿದ್ದು. ಇವತ್ತು ಊದುಬತ್ತಿ ಪೊಟ್ಟಣಗಳನ್ನು ಬಿಚ್ಚಿ, ಮೊರದಲ್ಲಿ ಹರಡಿ, ಜಗಲಿಯ ನೆರಳಲ್ಲಿ ಗಾಳಿಗೆ ಇಟ್ಟಿದ್ದೇನೆ. ಬಿಸಿಲಿಗೇ ಇಟ್ಟರೆ ಪರಿಮಳ ಹಾರಿಹೋಗುತ್ತದೆ. ರಸ್ತೆಯಲ್ಲಿ ಹೋಗುವವರು "ಏನಕ್ಕಾ, ಸಂಡಿಗೆಯಾ?" ಅಂತ ಕೇಳಿ ನಗುತ್ತಾರೆ. ನಗಲಿ. ಮಡಿಕೇರಿಯ ಮಳೆಗಾಲ ದಾಟಿ ಉಳಿದ ಊದುಬತ್ತಿಗೆ ಸಂಡಿಗೆಗಿಂತ ಜಾಸ್ತಿ ಉಪಚಾರ ಬೇಕು.

ಅಪ್ಪ ಇದ್ದಾಗ ಅಂಗಡಿ ಮುಂದೆ ಒಂದು ಕರಿಹಲಗೆ ಇತ್ತು. ಹೊಸ ಮಾಲು ಬಂದರೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. "ಹೊಸ ಬಜೆ ಬಂದಿದೆ. ಸಾಲ ಕೇಳಬೇಡಿ." ಎರಡಕ್ಕೂ ಒಂದೇ ಗಾತ್ರದ ಅಕ್ಷರ. ಹಲಗೆಗೆ ಗೆದ್ದಲು ಹಿಡಿದು ಹೋಯಿತು. ಅದಕ್ಕೇ ವರ್ಷಕ್ಕೆ ನಾಲ್ಕೈದು ಸಲ, ಕಾಲ ಬದಲಾದಾಗ, ಏನು ಬಂದಿದೆ ಏನು ಬಂದಿಲ್ಲ ಅಂತ ಇಲ್ಲಿ ಬರೆಯುತ್ತೇನೆ. ಸಾಲದ ಮಾತು ಈಗಲೂ ಹಾಗೇ ಇದೆ.

ಹೊಸಬರಿಗೆ ಒಂದು ಮಾತು. ನಮ್ಮದು ಗ್ರಂಧಿಗೆ ಅಂಗಡಿ. ಒಳಗೆ ಬಂದರೆ ಎಡಗಡೆ ಅಪ್ಪನ ಕಾಲದ ಮರದ ಡ್ರಾಯರುಗಳು: ಬಜೆ, ಹಿಪ್ಪಲಿ, ಅಳಲೆಕಾಯಿ, ಜಾಯಿಕಾಯಿ, ಗಜ್ಜುಗ, ಗುಗ್ಗುಳ, ಲೋಬಾನ, ಗೆಜ್ಜೆವಸ್ತ್ರ, ಜನಿವಾರ, ದರ್ಭೆ. ಬಲಗಡೆ ಅಕ್ಕನ ಮಗಳ ಶೆಲ್ಫು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ತುಂಬಿಕೊಂಡು ಊರಿಗೆ ಬಂದವಳು ವಾಪಸ್ ಹೋಗಲಿಲ್ಲ. "ಚಿಕ್ಕಮ್ಮ, ಹೋಮ್‌ಸ್ಟೇಗೆ ಬರೋರು ಇದನ್ನೆಲ್ಲ ಕೇಳ್ತಾರೆ, ಇಡೋಣ" ಅಂದಳು. ಬಣ್ಣದ ಕಲ್ಲು, ಭವಿಷ್ಯ ನೋಡುವ ಟ್ಯಾರೋ ಕಾರ್ಡು, ಮೇಣದ ಬತ್ತಿ, ಗುಂಯ್ ಅನ್ನುವ ಲೋಹದ ಬಟ್ಟಲು. ಹಳೇ ಗಿರಾಕಿಗಳು ಅದನ್ನು ಮಾಟದ ಕಪಾಟು ಅನ್ನುತ್ತಾರೆ. ಎಸ್ಟೇಟಿನ ಒಬ್ಬ ತಾತ ಎರಡು ವರ್ಷ ಆ ಕಡೆ ಓರೆಗಣ್ಣಲ್ಲಿ ನೋಡುತ್ತಲೇ ಇದ್ದರು. ಕೊನೆಗೊಂದು ದಿನ ಯಾರೂ ಇಲ್ಲದಾಗ ನೀಲಿ ಕಣ್ಣಿನ ಮಣಿ ಒಂದು ಕೊಂಡು ಜೀಪಿಗೆ ಕಟ್ಟಿಕೊಂಡರು. ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ.

ಮೊದಲು ಸಂಕ್ರಮಣದ ಸುದ್ದಿ. ಅಕ್ಟೋಬರ್ 17ಕ್ಕೆ ಕಾವೇರಿ ಸಂಕ್ರಮಣ. ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಕಾವೇರಮ್ಮ ಅಂತ ಸಿಂಗರಿಸಿ ಮಾಡುವ ಕಣಿ ಪೂಜೆಗೆ ಬೇಕಾದ್ದೆಲ್ಲ ಬಂದಿದೆ. ಕೆಂಪು ರೇಷ್ಮೆ ತುಂಡು ಮೂರು ಅಳತೆಯಲ್ಲಿ ಇದೆ. ಸೌತೆಕಾಯಿಗೆ ಸುತ್ತುತ್ತೀರೋ ತೆಂಗಿನಕಾಯಿಗೋ ಹೇಳಿ, ಅದಕ್ಕೆ ತಕ್ಕ ಹಾಗೆ ಕತ್ತರಿಸಿ ಕೊಡುತ್ತೇನೆ. ಸಣ್ಣ ಗಾಜಿನ ಬಳೆ ಕಟ್ಟು 20 ರೂಪಾಯಿ. ಕಳೆದ ವರ್ಷ ಪ್ಲಾಸ್ಟಿಕ್ ಬಳೆ ತರಿಸಿ ಬೈಸಿಕೊಂಡಿದ್ದೆ. ಒಬ್ಬ ಅಜ್ಜಿ ಕಟ್ಟನ್ನು ಕೈಯಲ್ಲಿ ಅಲ್ಲಾಡಿಸಿ, "ಇದು ಶಬ್ದವೇ ಮಾಡಲ್ಲವಲ್ಲ, ಕಾವೇರಮ್ಮ ಬಂದಿದ್ದು ಯಾರಿಗೆ ಗೊತ್ತಾಗತ್ತೆ?" ಅಂದರು. ಸರಿ ಅಲ್ವಾ? ಈ ಸಲ ಎಲ್ಲ ಗಾಜಿನದ್ದೇ. ಪತ್ತಾಕ್ ಮಾತ್ರ ನಮ್ಮಲ್ಲಿ ಕೇಳಬೇಡಿ, ಅದು ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇರಬೇಕಾದ ಒಡವೆ.

ತಲಕಾವೇರಿಗೆ ತೀರ್ಥ ತರಲು ಹೋಗುವವರಿಗೆ ತಾಮ್ರದ ಗಿಂಡಿಗಳಿವೆ, ಅರ್ಧ ಲೀಟರಿನದ್ದು. ಪ್ಲಾಸ್ಟಿಕ್ ಕ್ಯಾನ್ ಸಹ ಇದೆ. ದೊಡ್ಡ ಮಾತಾಡಿ ಏನು ಪ್ರಯೋಜನ, ನೂಕುನುಗ್ಗಲಲ್ಲಿ ಕ್ಯಾನೇ ಅನುಕೂಲ. ಆದರೆ ಮನೆಗೆ ಬಂದ ಮೇಲೆ ಗಿಂಡಿಗೆ ಹಾಕಿ ಮುಚ್ಚಿಡಿ. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡುವ ನೀರದು, ಎಣ್ಣೆಯ ಕ್ಯಾನಿನ ವಾಸನೆ ಇರಬಾರದು. ಅಪ್ಪನಿಗೆ ಬಿಟ್ಟ ತೀರ್ಥ ಏಳು ವರ್ಷ ಹಳೆಯದು. ಮುಚ್ಚಳ ತೆಗೆದಾಗ ಯಾವ ವಾಸನೆಯೂ ಇರಲಿಲ್ಲ.

ಈಗ ಬಲಗಡೆಯ ಶೆಲ್ಫಿಗೆ ಬರುತ್ತೇನೆ.

ಅಕ್ಟೋಬರ್ 31ಕ್ಕೆ ಪೇಗನ್ ಜನರಿಗೆ ದೊಡ್ಡ ಹಬ್ಬ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ನಾನು ಒಂದು ವರ್ಷ "ಸಮ್ಹೈನ್" ಅಂತಲೇ ಓದುತ್ತಿದ್ದೆ. ಅದು ಐರಿಷ್ ಮಾತು, ಉಚ್ಚಾರ ಸಾವಿನ್. ಹುಡುಗಿ ಹೇಳಿಕೊಟ್ಟಾಗ ನಾನು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟೆ. "ಏನೇ ಪುಟ್ಟೀ, ಸಾವಿನ ಹಬ್ಬವಾ?" ಅಂದೆ. "ಹೂಂ ಚಿಕ್ಕಮ್ಮ, ಸತ್ತವರನ್ನ ನೆನೆಯೋ ಹಬ್ಬಾನೇ" ಅಂದಳು. ಮೂಲದಲ್ಲಿ ಆ ಪದಕ್ಕೂ ನಮ್ಮ ಸಾವಿಗೂ ನೆಂಟಸ್ತನ ಏನಿಲ್ಲ, ಅದು ಬೇಸಿಗೆ ಮುಗಿಯಿತು ಅನ್ನುವ ಅರ್ಥದ್ದಂತೆ. ಆದರೂ ಆವತ್ತಿನಿಂದ ಆ ಹೆಸರು ನನಗೆ ಮರೆತಿಲ್ಲ. ಅಂಗಡಿಗೆ ಬರುವ ಯಾರಿಗೂ ಮರೆಯುವುದಿಲ್ಲ.

ಈ ಪೇಗನ್ ಅನ್ನುವವರು ಯಾರು ಅಂತ ಎಡಗಡೆಯ ಗಿರಾಕಿಗಳು ಕೇಳುತ್ತಾರೆ. ಯುರೋಪಿನಲ್ಲಿ ಕ್ರೈಸ್ತ ಧರ್ಮ ಬರುವ ಮುಂಚಿನ ದೇವರು, ಮರ, ನೀರು, ಸೂರ್ಯ, ಚಂದ್ರ ಇವನ್ನೆಲ್ಲ ಮತ್ತೆ ಪೂಜಿಸಲು ಹೊರಟವರು. ಹಳೆಯದು ಅನ್ನುತ್ತಾರೆ, ಆದರೆ ಈಗಿನ ರೂಪ ಅಷ್ಟೇನೂ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧ 1735ರಲ್ಲಿ ಮಾಡಿದ ಕಾನೂನು ರದ್ದಾದದ್ದು 1951ರಲ್ಲಿ. ಅದಾದ ಮೇಲೆಯೇ ಜೆರಾಲ್ಡ್ ಗಾರ್ಡ್ನರ್ ಅನ್ನುವವರು ವಿಕ್ಕಾ ಅನ್ನುವ ಪಂಥವನ್ನು ಬಹಿರಂಗವಾಗಿ ಜನರ ಮುಂದಿಟ್ಟರು. ವರ್ಷಕ್ಕೆ ಎಂಟು ಹಬ್ಬ, ಅದನ್ನೊಂದು ಚಕ್ರದ ಹಾಗೆ ಬರೆಯುತ್ತಾರೆ. ಸಾವಿನ್, ಯೂಲ್, ಇಂಬೊಲ್ಕ್, ಓಸ್ಟಾರ, ಬೆಲ್ಟೇನ್, ಲಿಥಾ, ಲೂನಸ, ಮೇಬನ್. ಈ ಮೇಬನ್ ಅನ್ನುವ ಹೆಸರಂತೂ 1970ರ ದಶಕದಲ್ಲಿ ಅಮೆರಿಕದ ಏಡನ್ ಕೆಲ್ಲಿ ಇಟ್ಟದ್ದು. ನನಗಿಂತ ಚಿಕ್ಕದು. ಹೊಸದು ಅಂತ ನಾನು ಹೀಯಾಳಿಸುತ್ತಿಲ್ಲ, ಎಲ್ಲ ಹಬ್ಬವೂ ಒಂದು ದಿನ ಹೊಸದೇ ಆಗಿತ್ತು.

"ಅಯ್ಯೋ ಎಲ್ಲ ಒಂದೇ ಬಿಡಿ ಅಕ್ಕ, ನಾವೂ ಪ್ರಕೃತಿ ಪೂಜೆ, ಅವರೂ ಪ್ರಕೃತಿ ಪೂಜೆ" ಅಂತ ಹೇಳುವವರು ಇದ್ದಾರೆ. ಹೀಗೆ ಹೇಳುವವರು ಸಾಮಾನ್ಯವಾಗಿ ಏನೂ ಕೊಳ್ಳದೆ ಹೋಗುತ್ತಾರೆ. ನನಗೆ ಎಲ್ಲ ಒಂದೇ ಅಂತ ಅನ್ನಿಸುವುದಿಲ್ಲ. ಐದು ವರ್ಷ ಎರಡೂ ಕಡೆಯ ಮಾಲು ತೂಗಿ ಮಾರಿದ ಮೇಲೆ ಹೇಳುತ್ತಿದ್ದೇನೆ.

ಅವರ ಚಕ್ರ ಬೆಳಕಿನದ್ದು. ಲಂಡನ್ನಿನಲ್ಲಿ ಡಿಸೆಂಬರ್ 21ರ ಆಸುಪಾಸಿನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಜೂನ್‌ನಲ್ಲಿ 16 ಗಂಟೆ ಮೀರುತ್ತದೆ. ಸೂರ್ಯ ಹೀಗೆ ಕೈಕೊಟ್ಟರೆ ಯಾರಾದರೂ ದೀಪ ಹಚ್ಚಿ ಕಾಯುತ್ತಾರೆ, ಯೂಲ್ ಬೇಕೇ ಬೇಕು. ನಮ್ಮ ಮಡಿಕೇರಿಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ. ಅಂಗಡಿ ಮುಚ್ಚುವ ಹೊತ್ತು ಸಹ ಬದಲಾಗುವುದಿಲ್ಲ. ನಮ್ಮ ವರ್ಷ ತಿರುಗುವುದು ಮಳೆಯ ಮೇಲೆ. ಲೂನಸ ಆಗಸ್ಟ್ 1ಕ್ಕೆ, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ. ಎರಡೇ ದಿನದ ಅಂತರ. ಅವರು ಆವತ್ತು ಮೊದಲ ಗೋಧಿ ಕೊಯ್ದು ರೊಟ್ಟಿ ಸುಡುತ್ತಾರೆ. ನಮ್ಮಲ್ಲಿ ಆವತ್ತು ಗದ್ದೆಯಲ್ಲಿ ನಾಟಿ, ಮೈಮೇಲೆ ಮಳೆಗೆ ಹೊದೆಯುವ ಗೊರಗ ಹೋಗಿ ಪ್ಲಾಸ್ಟಿಕ್ ಹಾಳೆ, ಮನೆಯಲ್ಲಿ ಮದ್ದು ತೊಪ್ಪು ಅನ್ನುವ ಔಷಧಿ ಸೊಪ್ಪಿನ ಪಾಯಸ. ನೇರಳೆ ಬಣ್ಣ ಕುದಿಯುತ್ತಿದ್ದರೆ ಬೀದಿಗೆಲ್ಲ ವಾಸನೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ಕ್ಕೆ ಆಯುಧ ಪೂಜಿಸುವ ಕೈಲ್ ಪೋದ್, ಕೋವಿಗೆ ತೋಕ್ ಪೂ ಅನ್ನುವ ಹೂವು. ನಮ್ಮ ಕೊಯ್ಲಿನ ಹಬ್ಬ ಪುತ್ತರಿ ಬರುವ ಹೊತ್ತಿಗೆ ಅವರ ಗದ್ದೆ ಖಾಲಿ, ಕೆಲವು ಕಡೆ ಹಿಮ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಳೆದ ಆಗಸ್ಟ್‌ನಲ್ಲಿ ಒಬ್ಬ ಹುಡುಗ ಬಂದು ಲೂನಸಕ್ಕೆ ಗೋಧಿ ತೆನೆ ಬೇಕು ಅಂದ. ಹೊರಗೆ ಮಳೆ ಹೇಗೆ ಹೊಯ್ಯುತ್ತಿತ್ತು ಅಂದರೆ ಅವನು ಹೇಳಿದ್ದು ನನಗೆ ಮೂರನೇ ಸಲಕ್ಕೆ ಕೇಳಿಸಿತು. ಗೋಧಿ ತೆನೆ ನಾನೆಲ್ಲಿಂದ ತರಲಿ? ಮದ್ದು ತೊಪ್ಪಿನ ಕಟ್ಟು ಒಂದು ಕೊಟ್ಟು, ಹೇಗೆ ಕುದಿಸಬೇಕು ಅಂತ ಹೇಳಿ ಕಳಿಸಿದೆ. ಮೂತ್ರ ಕೆಂಪಗಾಗುತ್ತದೆ, ಹೆದರಬೇಡ ಅಂತಲೂ ಹೇಳಿದೆ. ಆದರೂ ಮಾರನೇ ದಿನ ಬೆಳಗ್ಗೆ ಏಳಕ್ಕೆ ಫೋನು.

ಸಾವಿನ್‌ಗೆ ಬಂದಿರುವ ಮಾಲು ಹೇಳಿಬಿಡುತ್ತೇನೆ. ಜೇನುಮೇಣದ ಬತ್ತಿ ಜೋಡಿಗೆ 180 ರೂಪಾಯಿ. ಮೇಣ ಭಾಗಮಂಡಲದ ಕಡೆಯಿಂದ, ಜೇನು ಸಾಕುವವರಿಂದಲೇ ತಂದದ್ದು. ಹುಡುಗಿ ಹಿತ್ತಲಲ್ಲಿ ಒಲೆ ಹಚ್ಚಿ ತಾನೇ ಎರೆಯುತ್ತಾಳೆ. ಒಂದಷ್ಟು ಸೊಟ್ಟಗಿವೆ, ಅವು 150ಕ್ಕೆ. ಕಪ್ಪು ಬತ್ತಿ ಬೇಕು ಅಂತ ಕೇಳಿದವರಿಗೆ ಹತ್ತೇ ಇವೆ. ಹಳೆ ಕಾಲದಲ್ಲಿ ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರಂತೆ, ಕುಂಬಳಕಾಯಿ ಆಮೇಲೆ ಅಮೆರಿಕದಲ್ಲಿ ಬಂದದ್ದು. ಕುಂಬಳಕಾಯಿ ನಾವು ಮಾರುವುದಿಲ್ಲ. ಸಂಕ್ರಮಣಕ್ಕೆ ದೋಸೆಯ ಜೊತೆ ಕುಂಬಳಕಾಯಿ ಸಾರು ಮಾಡುವ ಊರಿನಲ್ಲಿ ಅದಕ್ಕೆ ಕಣ್ಣು ಮೂಗು ಕೊರೆಯಲು ನನಗೇ ಮನಸ್ಸಿಲ್ಲ.

ಆ ರಾತ್ರಿ ಸತ್ತವರಿಗೂ ಒಂದು ತಟ್ಟೆ ಇಟ್ಟು, ಮಾತಾಡದೆ ಊಟ ಮಾಡುವ ಪದ್ಧತಿ ಈಗಿನ ಪೇಗನ್ನರಲ್ಲಿದೆ. ಇದನ್ನು ನಾನು ಎಡಗಡೆಯ ಒಬ್ಬ ಗಿರಾಕಿಗೆ ಹೇಳಿದೆ, ಕೊಡವರು, ರಿಟೈರ್ಡ್ ಸುಬೇದಾರ್. ಅವರ ಮನೆಯಲ್ಲಿ ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಕೊಡುವಾಗ ಮಾಂಸ, ಮದ್ಯ ಎಲ್ಲ ಇಡುತ್ತಾರೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ತಟ್ಟೆ ಇಡೋದು ಸರಿ. ಮಾತಾಡದೆ ಕೂತರೆ ನಮ್ಮ ಅಜ್ಜಂಗೆ ಸಿಟ್ಟು ಬರತ್ತೆ" ಅಂದರು.

ಮಣ್ಣಿನ ನಾಯಿಗಳ ವಿಷಯ. ಕೊಡಗಿನಲ್ಲಿ ಅಯ್ಯಪ್ಪನ ದೇವರಕಾಡಿಗೆ ಹರಕೆ ಒಪ್ಪಿಸುವ ಸಣ್ಣ ನಾಯಿಗಳು, ಗೊತ್ತಲ್ಲ. ನಮ್ಮ ಜಿಲ್ಲೆಯಲ್ಲಿ 1,214 ದೇವರಕಾಡುಗಳು ಲೆಕ್ಕಕ್ಕಿವೆ, ಅದರಲ್ಲಿ ಹಲವು ಅಯ್ಯಪ್ಪನವು. ನಾಯಿ ಮಾಡುವ ಕೈಗಳು ಕಡಿಮೆಯಾಗಿವೆ, ಈ ಸಲ ಹನ್ನೆರಡೇ ಸಿಕ್ಕಿದವು. ಹೋದ ವರ್ಷ ಬೆಂಗಳೂರಿನ ಒಬ್ಬ ಹುಡುಗಿ ತನ್ನ ಸಾವಿನ್ ಪೀಠಕ್ಕೆ ಅಂತ ಒಂದನ್ನು ಎತ್ತಿಕೊಂಡಳು. ತೀರಿಹೋದ ಅವಳ ನಾಯಿಯ ನೆನಪಿಗಂತೆ. "ಆಂಟಿ, ಇದರ ಎನರ್ಜಿ ಏನು?" ಅಂತ ಕೇಳಿದಳು. ಎನರ್ಜಿ ಏನೂ ಇಲ್ಲಮ್ಮ, ಇದು ದೇವರಿಗೆ ಕೊಡುತ್ತೇನೆ ಅಂತ ಹೇಳಿಕೊಂಡವರು ತೀರಿಸುವ ಬಾಕಿ ಅಂದೆ. ಮಾರಬೇಕೋ ಬೇಡವೋ ಗೊತ್ತಾಗಲಿಲ್ಲ. ಅವಳ ಫೋನಿನಲ್ಲಿ ಆ ನಾಯಿಯ ಫೋಟೋ ನೋಡಿದೆ. ಒಂದು ಕಿವಿ ಮಡಚಿಕೊಂಡ ಬೀದಿ ನಾಯಿ. ಕೊಟ್ಟೆ. ದುಡ್ಡು ತಗೊಂಡೆ, ಸುಳ್ಳು ಹೇಳಬಾರದು. ಈ ಸಲ ಹನ್ನೆರಡನ್ನೂ ಹರಕೆಯವರಿಗೇ ಇಟ್ಟಿದ್ದೇನೆ. ನಾಯಿ ಕಳೆದುಕೊಂಡ ಇನ್ನೊಬ್ಬರು ಬಂದರೆ ಏನು ಮಾಡುತ್ತೇನೋ ಆಗ ನೋಡೋಣ.

ಧೂಪದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನ್ನ ಇಷ್ಟದ ವಿಷಯ. ಬಿಳಿ ಸೇಜ್ ಕಟ್ಟು ಇನ್ನು ಮುಂದೆ ತರಿಸುವುದಿಲ್ಲ. ಇರುವ ನಾಲ್ಕು ಕಟ್ಟು ಮುಗಿದರೆ ಮುಗಿಯಿತು. ಅದು ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಗುಡ್ಡಗಳಲ್ಲಿ ಬೆಳೆಯುವ ಗಿಡ, ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. ಫ್ಯಾಶನ್ ಆದ ಮೇಲೆ ಕದ್ದು ಕೊಯ್ಯುವವರು ಜಾಸ್ತಿಯಾಗಿದ್ದಾರೆ. ಅಷ್ಟು ದೂರದಿಂದ ಬಂದು, ನಮ್ಮ ಮಳೆಯಲ್ಲಿ ನೆಂದು, ಹೊತ್ತದೆ ಹೊಗೆಯಾಡಿ, ಗಿರಾಕಿ ವಾಪಸ್ ತಂದು ಕೊಟ್ಟದ್ದೂ ಆಗಿದೆ.

ನಮ್ಮ ಘಟ್ಟದಲ್ಲೇ ಏನಿಲ್ಲ ಹೇಳಿ. ಬಿಳಿ ಧೂಪದ ಮರ ಇದೆ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಮರ. ಕಾಳಧೂಪ ಇದೆ, ಕಪ್ಪಗೆ ಹೊಳೆಯುವ ಗಟ್ಟಿ ಅಂಟು, ಕೆಂಡಕ್ಕೆ ಹಾಕಿದರೆ ಮೊದಲು ನಿಂಬೆಯ ವಾಸನೆ, ಆಮೇಲೆ ಕಾಡು. ಹಾಲ್ಮಡ್ಡಿ ಇದೆ, ಅದೂ ಮರದ ಅಂಟೇ. ಈ ಹಾಲ್ಮಡ್ಡಿಯದ್ದೇ ಒಂದು ಕಥೆ. ಅದಕ್ಕೆ ಗಾಳಿಯ ತೇವ ಹೀರುವ ಗುಣ. ಅದನ್ನು ಹಾಕಿ ಹೊಸೆದ ಬತ್ತಿ ಒಣ ಊರಿನಲ್ಲಿ ಮೆತ್ತಗೆ, ಹದವಾಗಿ ಇರುತ್ತದೆ. ಮಡಿಕೇರಿಯ ಜುಲೈನಲ್ಲಿ ಅದು ಪಾಯಸಕ್ಕೆ ಬಿದ್ದ ಶ್ಯಾವಿಗೆ. ನಾನೀಗ ಮೊರದಲ್ಲಿ ಹರಡಿರುವುದು ಅದನ್ನೇ. ಮರಕ್ಕೆ ಆಳವಾಗಿ ಕಚ್ಚು ಹಾಕಿ, ಬುಡಕ್ಕೆ ಬೆಂಕಿ ಕೊಟ್ಟು ಅಂಟು ಇಳಿಸಿದರೆ ಮರವೇ ಸಾಯುತ್ತದೆ. ಹಾಗಾಗಿ ಕಾಡಿನ ಧೂಪವನ್ನು ಯಾರೋ ಬೈಕಿನಲ್ಲಿ ಚೀಲ ತಂದರೆ ಕೊಳ್ಳುವುದಿಲ್ಲ. ರಸೀದಿ ಇದ್ದರೆ ಮಾತ್ರ. ಈ ಸಲ ಸಿಕ್ಕಿದ್ದು 6 ಕಿಲೋ ಕಾಳಧೂಪ. 50 ಗ್ರಾಮಿನ ಪೊಟ್ಟಣ ಮಾಡಿದ್ದೇನೆ, ಒಬ್ಬರಿಗೆ ಎರಡೇ.

ಅಮ್ಮ ಮಾಡುತ್ತಿದ್ದ ಮಿಶ್ರಣವೂ ಇದೆ. ಧೂಪ, ಲೋಬಾನ, ಲಾವಂಚದ ಬೇರು, ಅದರ ಜೊತೆ ಏಲಕ್ಕಿ ಸಿಪ್ಪೆ. ಅಮ್ಮನ ತವರಿನಲ್ಲಿ ಏಲಕ್ಕಿ ಮಲೆ ಇತ್ತು, ಕಾಳು ಮಾರಾಟಕ್ಕೆ, ಸಿಪ್ಪೆ ಹಂಡೆ ಒಲೆಗೆ. ಅಲ್ಲಿಂದ ಬಂದ ಅಭ್ಯಾಸ. ಕೂದಲು ಒಣಗದ ಮಳೆಗಾಲದಲ್ಲಿ ಕೆಂಡದ ಮೇಲೆ ಇದನ್ನು ಹಾಕಿ, ಬುಟ್ಟಿ ಕವುಚಿ, ಅದರ ಮೇಲೆ ನಮ್ಮ ತಲೆ ಬಾಗಿಸಿ ಕೂರಿಸುತ್ತಿದ್ದಳು. ಬಲಗಡೆಯ ಗಿರಾಕಿಗಳು "ಇದು ಯಾವ ಉದ್ದೇಶಕ್ಕೆ?" ಅಂತ ಕೇಳುತ್ತಾರೆ. ನೆಗಡಿ ಆಗದಿರಲಿ ಅನ್ನುವ ಉದ್ದೇಶಕ್ಕೆ. ಹುಡುಗಿ ಲೇಬಲ್ಲಿನಲ್ಲಿ "ಶುದ್ಧೀಕರಣ" ಅಂತ ಬರೆದಿದ್ದಾಳೆ, ಬರೆಯಲಿ. ಡಬ್ಬಿಗೆ 120.

ಕರ್ಪೂರ ಕೊಳ್ಳುವವರಿಗೆ ಅಪ್ಪನ ಕಿವಿಮಾತು ಉಚಿತ: ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕಿಡಿ, ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ ಅನ್ನುತ್ತಿದ್ದರು. ಮುಚ್ಚಳ ಬಿಗಿಯಾಗಿರುವುದೇ ಮುಖ್ಯ ಅಂತ ನನ್ನ ಅನುಮಾನ. ಆದರೂ ಮೆಣಸು ಹಾಕುತ್ತೇನೆ.

ಕಲ್ಲುಗಳು. ಇಲ್ಲಿ ನಾನು ಮೋಸ ಹೋದ ಕಥೆ ಹೇಳಲೇಬೇಕು. ಮೇ ತಿಂಗಳಲ್ಲಿ ಹೊರಗಿನ ಒಬ್ಬ ಸಪ್ಲೈದಾರರಿಂದ ಟರ್ಕಾಯ್ಸ್ ಮಣಿ ತರಿಸಿದೆವು. ಒಳ್ಳೆಯ ಆಕಾಶನೀಲಿ. ಕಕ್ಕಡ ಬಂತು, ಗೋಡೆ ಬೆವರಿತು, ಒಂದು ದಿನ ನೋಡಿದರೆ ಮಣಿ ಇಟ್ಟಿದ್ದ ಬಿಳಿ ಬಟ್ಟೆ ನೀಲಿ. ಹುಡುಗಿ ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದಳು. ಹತ್ತಿಯೂ ನೀಲಿ, ಒಳಗೆ ಬಿಳಿ ಕಲ್ಲು. ಹೌಲೈಟ್ ಅನ್ನುವ ಅಗ್ಗದ ಕಲ್ಲಿಗೆ ಬಣ್ಣ ಹಾಕಿ ಹೀಗೆ ಮಾರುತ್ತಾರೆ. ಫೋನ್ ಮಾಡಿದರೆ "ನ್ಯಾಚುರಲ್ ಕಲ್ಲೇ ಮೇಡಂ" ಅಂದರು. ಅದೂ ನಿಜವೇ, ಕಲ್ಲು ನ್ಯಾಚುರಲ್ಲು, ಬಣ್ಣ ಅಲ್ಲ. ದುಡ್ಡು ಬರಲಿಲ್ಲ. "ಬಣ್ಣ ಹಾಕಿದ ಕಲ್ಲು, 60 ರೂಪಾಯಿ" ಅಂತ ಚೀಟಿ ಅಂಟಿಸಿ ಮುಂದೆ ಇಟ್ಟೆ. ಟರ್ಕಾಯ್ಸ್ ಅಂತ ಇಟ್ಟಾಗ ತಿಂಗಳಿಗೆ ಎರಡು ಹೋಗುತ್ತಿದ್ದವು. ಈಗ ಎಲ್ಲ ಖಾಲಿ!

ಅಂದಿನಿಂದ ಚೀಟಿ ಬರೆಯುವುದೇ ಒಂದು ಕೆಲಸ. ಸಿಟ್ರಿನ್ ಡಬ್ಬಿಯ ಮೇಲೆ "ಕಾಯಿಸಿದ ಅಮೆಥಿಸ್ಟ್" ಅಂತ ಬರೆದಿದೆ. ಮಾರುಕಟ್ಟೆಯ ಹಳದಿ ಸಿಟ್ರಿನ್‌ನಲ್ಲಿ ಹೆಚ್ಚಿನದು ಅದೇ, ನೇರಳೆ ಕಲ್ಲನ್ನು ಕುಲುಮೆಯಲ್ಲಿ ಕಾಯಿಸಿದರೆ ಹಳದಿಯಾಗುತ್ತದೆ. ಕಾಯಿಸುವುದು ತಪ್ಪೇನಲ್ಲ. ಗುಜರಾತಿನ ಖಂಭಾತ್‌ನವರು ಕಾರ್ನೀಲಿಯನ್ ಕಲ್ಲನ್ನು ಕಾಯಿಸಿ ಕೆಂಪೇರಿಸುತ್ತಾರೆ, ಸಿಂಧೂ ಕಣಿವೆಯ ಕಾಲದ ಮಣಿಗಾರರ ವಿದ್ಯೆ ಅದು. ಅವರ ಮಣಿಸರ ಹೊಸದಾಗಿ ಬಂದಿದೆ, 450 ರೂಪಾಯಿ, ಕೈಯಲ್ಲಿ ಹಿಡಿದು ನೋಡಿ. ಕಾಯಿಸಿದ್ದನ್ನು ಕಾಯಿಸಿದ್ದು ಅಂತ ಹೇಳಬೇಕು, ಅಷ್ಟೇ. ಅಮೆಥಿಸ್ಟ್ ಕೊಂಡವರು ಕಿಟಕಿಯ ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ.

ಸಂಕ್ರಮಣ ಬರುತ್ತಿರುವುದರಿಂದ ಇನ್ನೊಂದು. ತೀರ್ಥದಲ್ಲಿ ಕಲ್ಲು ಅದ್ದಿ "ಚಾರ್ಜ್" ಮಾಡುವವರು ಜಾಸ್ತಿಯಾಗಿದ್ದಾರೆ. ಸ್ಫಟಿಕ ಅದ್ದಿ, ಏನೂ ಆಗುವುದಿಲ್ಲ. ಸೆಲೆನೈಟ್ ಮಾತ್ರ ಬೇಡ. ಅದು ಜಿಪ್ಸಂ, ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುವ ಅದೇ ಜಿಪ್ಸಂ. ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತದೆ, ಲೀಟರ್ ನೀರಿಗೆ ಸುಮಾರು 2 ಗ್ರಾಂ ಕರಗುತ್ತದೆ. ಕಳೆದ ವರ್ಷ ಒಬ್ಬರು ರಾತ್ರಿಯಿಡೀ ಗಿಂಡಿಯಲ್ಲಿ ಹಾಕಿಟ್ಟು, ಬೆಳಗ್ಗೆ ಹೊಳಪು ಹೋಗಿದೆ, ಕಲ್ಲು ನಕಲಿ ಅಂತ ಜಗಳಕ್ಕೆ ಬಂದರು. ನಕಲಿ ಅಲ್ಲ, ಅಸಲಿ ಆದ್ದರಿಂದಲೇ ಹಾಗಾಯಿತು. ಮ್ಯಾಲಕೈಟ್ ಹಾಕಿದ ನೀರನ್ನಂತೂ ಕುಡಿಯಲೇಬೇಡಿ, ಅದರಲ್ಲಿ ತಾಮ್ರದ ಅಂಶ ಇದೆ.

ನಮ್ಮದೇ ಕಾಡಿನ ಹರಳು ಕಲ್ಲು ಇದೆಯಾ ಅಂತ ಪಿಸುಗುಟ್ಟುವವರಿಗೆ: ಇಲ್ಲ. ತಲಕಾವೇರಿಯ ಕಡೆ ಕಾಡಿನಲ್ಲಿ ಕದ್ದು ಗುಂಡಿ ತೋಡುವ ಸುದ್ದಿ ಪೇಪರಿನಲ್ಲಿ ಓದಿಯೇ ಇರುತ್ತೀರಿ. ಮತ್ತೆ ಕೇಳಬೇಡಿ.

ಟ್ಯಾರೋ ಕಾರ್ಡುಗಳದ್ದು ಚಿಕ್ಕ ಸುದ್ದಿ. 78 ಕಾರ್ಡಿನ ಹಳೇ ಚಿತ್ರದ ಕಟ್ಟು ಮತ್ತೆ ಬಂದಿದೆ. 1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ ಚಿತ್ರಗಳು. ಪ್ರಕಟಿಸಿದ ಕಂಪನಿಯ ಹೆಸರು ಊರಿಗೆಲ್ಲ ಗೊತ್ತು, ಬಿಡಿಸಿದವಳ ಹೆಸರು ಬಹಳ ಕಾಲ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಎರಡು ಕಟ್ಟು ಉಬ್ಬಿ ಅಂಟಿಕೊಂಡವು. ಉಳಿದವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕಾಪಾಡಿದೆ. ಒಂದು ಕಟ್ಟಿನಲ್ಲಿ ಅಕ್ಕಿಕಾಳು ಸಿಕ್ಕರೆ ಅದಕ್ಕೆ ಅರ್ಥ ಹುಡುಕಬೇಡಿ.

ಬಟ್ಟಲು ತರಲು ಬೈಲುಕುಪ್ಪೆಗೆ ಹೋಗಿ ಬಂದೆ. ಕುಶಾಲನಗರ ದಾಟಿದರೆ ಆಯಿತಲ್ಲ. 1961ರಿಂದ ಅಲ್ಲಿ ಟಿಬೆಟಿಯನ್ನರ ನೆಲೆ. ನಾನು ಮಾಲು ತರುವುದು ಒಬ್ಬ ಅಜ್ಜಿಯ ಹತ್ತಿರ, ಎಲ್ಲರೂ ಅಮಾಲ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆಕೆಯ ಕನ್ನಡ ನನ್ನ ಹಿಂದಿಗಿಂತ ಚೆನ್ನಾಗಿದೆ. ಈ ಬಟ್ಟಲು ಟಿಬೆಟ್ಟಿನದಾ ಅಂತ ಕೇಳಿದರೆ, "ನೇಪಾಳದ್ದು. ಟಿಬೆಟ್ಟಿಂದ ನಾವು ಓಡಿ ಬರುವಾಗ ಬಟ್ಟಲು ತರೋಕೆ ಆಗಲಿಲ್ಲ" ಅಂತ ನಗುತ್ತಾರೆ. ಅದಕ್ಕೇ ನಮ್ಮ ಚೀಟಿಯಲ್ಲೂ ನೇಪಾಳ ಅಂತಲೇ ಇದೆ. ಐದು ತಂದೆ, ಒಂದು ಈಗಾಗಲೇ ಹೋಯಿತು. ಕೊಂಡವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಯಾಕೆ ಅಂತ ನಾನು ಕೇಳಲಿಲ್ಲ, ಮಡಿಕೇರಿಯ ಏರಿನಲ್ಲಿ ಕ್ಲಚ್ ಕಲಿಸುವವರಿಗೆ ನೆಮ್ಮದಿ ಬೇಕಾಗುತ್ತದೆ.

ಪುತ್ತರಿಯ ಮಾಲು ನವೆಂಬರ್ ಕೊನೆಗೆ. ದಿನ, ಹೊತ್ತು ಕಕ್ಕಬೆಯ ಇಗ್ಗುತ್ತಪ್ಪನ ಸನ್ನಿಧಿಯಿಂದ ಬರಲಿ, ಆಮೇಲೆ ಬರೆಯುತ್ತೇನೆ. ಈಗಲೇ ಫೋನ್ ಮಾಡಿ ಎಲೆಗಳನ್ನು ಸೇರಿಸಿ ನೆರೆ ಕಟ್ಟುವ ಹೊತ್ತು ಎಷ್ಟಕ್ಕೆ ಅಂತ ಕೇಳಿದರೆ ನಾನೇನು ಹೇಳಲಿ? ಹೊಸ ಬಿದಿರು ಕುಕ್ಕೆಗೆ ಮಾತ್ರ ಮೊದಲೇ ಹೇಳಿಡಿ. ಹೆಣೆಯುವವರಿಗೆ ಬಿದಿರು ಸಿಗುವುದೇ ಕಷ್ಟವಾಗಿದೆ, ಕೊನೇ ವಾರದಲ್ಲಿ ಬಂದು ಹತ್ತು ಬೇಕು ಅಂದರೆ ಆಗುವುದಿಲ್ಲ.

ಕಾರ್ತಿಕ ಹುಣ್ಣಿಮೆಯ ಸಂಜೆ ಐದಕ್ಕೆ ಹಿತ್ತಲಲ್ಲಿ ಧೂಪ ಅರೆದು ಉಂಡೆ ಕಟ್ಟುವುದನ್ನು ಹೇಳಿಕೊಡುತ್ತೇನೆ. ಎಂಟು ಜನಕ್ಕೆ ಜಾಗ. ದುಡ್ಡು ಬೇಡ, ಒಂದು ಹಿಡಿ ಏಲಕ್ಕಿ ಸಿಪ್ಪೆ ತನ್ನಿ. ಸಿಪ್ಪೆ ಬಿಸಾಡುವ ಮನೆಗಳು ಎಷ್ಟಿವೆ ಅಂತ ನನಗೆ ಗೊತ್ತು. ಕಳೆದ ಸಲ ಎಡಗಡೆಯ ಇಬ್ಬರು ಅಜ್ಜಿಯರೂ ಬಲಗಡೆಯ ನಾಲ್ಕು ಹುಡುಗಿಯರೂ ಬಂದಿದ್ದರು. ಅಜ್ಜಿಯರು ಕೆಲಸ ಮಾಡಿದರು, ಹುಡುಗಿಯರು ಫೋಟೋ ತೆಗೆದರು.

ಸಂಕ್ರಮಣದ ದಿನ ಅಂಗಡಿ ಇರುವುದಿಲ್ಲ, ನಾವೂ ಭಾಗಮಂಡಲಕ್ಕೆ ಹೋಗುತ್ತೇವೆ. ಹಿಂದಿನ ರಾತ್ರಿ ಒಂಬತ್ತರವರೆಗೆ ತೆಗೆದಿರುತ್ತೇನೆ. ಒಂಬತ್ತೂವರೆಗೆ ಬಂದು ಬಳೆ ಮರೆತುಹೋಯಿತು ಅನ್ನುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವರಿಗಾಗಿ ಹತ್ತು ಕಟ್ಟು ಪಕ್ಕದ ಟೀ ಅಂಗಡಿಯಲ್ಲಿ ಕೊಟ್ಟಿರುತ್ತೇನೆ. ಚಿಲ್ಲರೆ ತನ್ನಿ.